ಓದುಗರ ಪ್ರಶ್ನೆಗೆ ಉತ್ತರ: ಹುಳಿಯ ಹೆಸರು, ಹಾವಿನ ಹೆಸರು

ಪ್ರಶ್ನೆ: ನಾವು ಪುನರ್ಪುಳಿ ಎನ್ನುವ ಹಣ್ಣನ್ನು ಶಿರಸಿಯ ನೆಂಟರು ಮುರುಗಲು ಎನ್ನುತ್ತಾರೆ. ನೆರೆಮನೆಯ ಮಲಯಾಳಿಗಳು ಮೀನಿನ ಪದಾರ್ಥಕ್ಕೆ ಹಾಕುವುದು ಕುಡಂಪುಳಿ. ಇವೆರಡೂ ಒಂದೇ ಮರದವೆ? ಕುಡಂಪುಳಿಯ ಮಾತ್ರೆಯ ಡಬ್ಬಿಯ ಮೇಲೆ ‘ಗಾರ್ಸೀನಿಯ ಕ್ಯಾಂಬೋಜಿಯ’ ಎಂದಿದ್ದರೆ ಮಗಳ ಸಸ್ಯಶಾಸ್ತ್ರದ ಪುಸ್ತಕದಲ್ಲಿ ‘ಗಾರ್ಸೀನಿಯ ಗಮ್ಮಿ-ಗಟ್ಟ’ ಎಂದಿದೆ. ಯಾವುದು ಸರಿ, ಅದನ್ನು ನಿರ್ಧರಿಸುವವರು ಯಾರು?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಮರಗಳು ಬೇರೆ, ಮನೆತನ ಒಂದೇ. ನಿಮ್ಮ ಪುನರ್ಪುಳಿ, ಅಂದರೆ ಶಿರಸಿಯ ಮುರುಗಲು, ಗಾರ್ಸೀನಿಯ ಇಂಡಿಕ. ಕುಡಂಪುಳಿ ಗಾರ್ಸೀನಿಯ ಗಮ್ಮಿ-ಗಟ್ಟ. ಊರಿನಲ್ಲಿ ನಾಲ್ವರು ಶಂಕರ ಭಟ್ಟರಿದ್ದರೆ ನಾವು ಹೆಸರಿನ ಹಿಂದೆ ಮನೆಯ ಹೆಸರನ್ನು ಸೇರಿಸಿ ಹೇಳುವಂತೆಯೇ ಇಲ್ಲಿಯೂ ಮೊದಲ ಪದ ಕುಲವನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುತ್ತದೆ. ಮ್ಯಾಂಗೋಸ್ಟೀನ್ ಹಣ್ಣೂ ಇದೇ ಗಾರ್ಸೀನಿಯ ಕುಲಕ್ಕೆ ಸೇರಿದೆ.

ನಮ್ಮ ಹಿರಿಯರು ಹೆಸರಿಟ್ಟದ್ದು ಅಡುಗೆಮನೆಯಲ್ಲಿ ನಿಂತು. ತುಳು, ಮಲಯಾಳ ಎರಡರಲ್ಲೂ ‘ಪುಳಿ’ ಎಂದರೆ ಹುಳಿ. ಆದ್ದರಿಂದ ಹುಣಸೆ, ಬಿಂಬುಳಿ, ಪುನರ್ಪುಳಿ, ಕುಡಂಪುಳಿ ಎಲ್ಲವೂ ಒಂದೇ ಸಾಲಿನಲ್ಲಿ ಕುಳಿತವು. ಸಾರಿಗೆ ಯಾವುದನ್ನು ಹಾಕಬಹುದು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ವರ್ಗೀಕರಣ ಬೇಕಿಲ್ಲ. ವಿಜ್ಞಾನಿಯ ಪ್ರಶ್ನೆಯೇ ಬೇರೆ: ಯಾವುದು ಯಾವುದರ ರಕ್ತಸಂಬಂಧಿ? ಆ ಲೆಕ್ಕದಲ್ಲಿ ಹುಣಸೆ ಅವರೆ, ಹೆಸರುಕಾಳುಗಳ ಕುಟುಂಬಕ್ಕೆ (ಹಲವು ಕುಲಗಳು ಸೇರಿದ ಗುಂಪಿಗೆ) ಹೋಗುತ್ತದೆ, ಏಕೆಂದರೆ ಅದರ ಕಾಯಿಯೂ ಒಂದು ಕೋಡು. ಬಿಂಬುಳಿಯು ನಕ್ಷತ್ರದಾಕಾರದ ದಾರೆಹುಳಿಯೊಂದಿಗೆ ಅವೆರೋವ ಎಂಬ ಕುಲದಲ್ಲಿ ಸೇರುತ್ತದೆ, ಗಾರ್ಸೀನಿಯಗಳು ಮೂರನೆಯ ಕುಟುಂಬದಲ್ಲಿ ಉಳಿಯುತ್ತವೆ. ಈ ಸಂಬಂಧವನ್ನು ಗುರುತಿಸುವ ವಿಧಾನವೂ ಕಾಲಕಾಲಕ್ಕೆ ಬದಲಾಗಿದೆ: ಸ್ವೀಡನ್ನಿನ ಕಾರ್ಲ್ ಲಿನೇಯಸ್ ಮುಖ್ಯವಾಗಿ ಹೂವಿನ ಕೇಸರಗಳನ್ನು ಎಣಿಸಿ ಸಸ್ಯಗಳನ್ನು 24 ವರ್ಗಗಳಾಗಿ ಹಂಚಿದ; ಇಂದು ಡಿಎನ್ಎಯನ್ನು ಹೋಲಿಸುತ್ತಾರೆ. ಲಿನೇಯಸನ ವರ್ಗಗಳು ಮೂಲೆ ಸೇರಿದವು, ಎರಡು ಪದಗಳ ಹೆಸರು ಮಾತ್ರ ಉಳಿಯಿತು.

ಇನ್ನು ಡಬ್ಬಿಯ ವಿಷಯ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಸಸ್ಯಗಳ ಚಿತ್ರ ಮತ್ತು ವಿವರಗಳನ್ನು ಸಂಗ್ರಹಿಸಿ ಸಿದ್ಧಪಡಿಸಿದ ‘ಹೋರ್ಟುಸ್ ಮಲಬಾರಿಕುಸ್’ ಎಂಬ ಗ್ರಂಥವು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದಕ್ಕೆ ತಿಳಿವಳಿಕೆಯನ್ನು ಒದಗಿಸಿದವರು ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಭಾರತಕ್ಕೆ ಎಂದೂ ಕಾಲಿಡದ ಲಿನೇಯಸನಿಗೆ ನಮ್ಮ ಕರಾವಳಿಯ ಅನೇಕ ಗಿಡಗಳ ಪರಿಚಯವಾದದ್ದು ಈ ಪುಸ್ತಕದಿಂದಲೇ. ಅದರಲ್ಲಿದ್ದ ‘ಕೊಡ್ಡಂ ಪುಳಿ’ಯನ್ನು ಆತ, ಚಿತ್ರಕಾರರು ಬಳಸುತ್ತಿದ್ದ ಹಳದಿ ಅಂಟಿನ ಮರವೆಂದು ತಪ್ಪಾಗಿ ಭಾವಿಸಿ, 1754ರಲ್ಲಿ ‘ಕ್ಯಾಂಬೋಜಿಯ ಗಮ್ಮಿ-ಗಟ್ಟ’ ಎಂದು ಹೆಸರಿಸಿದ. ಕ್ಯಾಂಬೋಜಿಯ ಎಂಬ ಪದದಲ್ಲಿರುವುದು ಕಾಂಬೋಡಿಯ ದೇಶದ ಹೆಸರು! ಮುಂದೆ ಮರವನ್ನು ಗಾರ್ಸೀನಿಯ ಕುಲಕ್ಕೆ ಸೇರಿಸಿದವರು ‘ಗಾರ್ಸೀನಿಯ ಕ್ಯಾಂಬೋಜಿಯ’ ಎಂದು ಬರೆದರು, ಅದು ಬಹಳ ಕಾಲ ಚಲಾವಣೆಯಲ್ಲಿತ್ತು. ಆದರೆ ಪ್ರಭೇದವೊಂದು ಕುಲವನ್ನು ಬದಲಿಸಿದಾಗ ಅದರ ಮೊದಲ ಪ್ರಭೇದನಾಮವೂ ಜೊತೆಯಲ್ಲಿ ಹೋಗಬೇಕೆಂಬುದು ನಿಯಮವಾದ್ದರಿಂದ ‘ಗಮ್ಮಿ-ಗಟ್ಟ’ವೇ ಸರಿಯಾಯಿತು. ಮಗಳ ಪುಸ್ತಕ ಸರಿ. ಡಬ್ಬಿಯವರು ಹಳೆಯ ಹೆಸರಿಗೆ ಅಂಟಿಕೊಂಡಿದ್ದಾರೆ, ಮರ ಅದೇ.

ಕುಡಂಪುಳಿಯು ಆ ಬಣ್ಣದ ಅಂಟಿನ ಮರವಲ್ಲವೆಂದು ತಿಳಿದ ಮೇಲೆ ಹೆಸರನ್ನು ತಿದ್ದಬಾರದಿತ್ತೆ ಎಂದು ನೀವು ಕೇಳಬಹುದು. ತಿದ್ದುವಂತಿಲ್ಲ. ಅರ್ಥ ಹೊಂದುವುದಿಲ್ಲ ಎಂಬ ಕಾರಣಕ್ಕೆ ಹೆಸರನ್ನು ತೆಗೆದುಹಾಕಬಾರದೆಂದೇ ನಿಯಮವಿದೆ, ಮತ್ತು ನನಗೆ ಅದು ವಿವೇಕದ ಮಾತಾಗಿ ಕಾಣುತ್ತದೆ. ಪ್ರತಿಯೊಬ್ಬ ಪಂಡಿತನೂ ತನಗೆ ಒಪ್ಪುವ ಅರ್ಥಕ್ಕಾಗಿ ಹೆಸರನ್ನು ಬದಲಿಸಹೊರಟರೆ ಗುರುತಿಸುವುದಕ್ಕಾಗಿ ಇಟ್ಟ ಹೆಸರೇ ಗುರುತು ತಪ್ಪಿಸುತ್ತದೆ. ಹೆಸರು ಹಂಚುವ ಕಚೇರಿಯೆಂಬುದು ಎಲ್ಲಿಯೂ ಇಲ್ಲ. ಸಸ್ಯಗಳ ನಿಯಮಾವಳಿಯನ್ನು ಸಾಮಾನ್ಯವಾಗಿ ಆರು ವರ್ಷಗಳಿಗೊಮ್ಮೆ ಸೇರುವ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ತಿದ್ದುತ್ತದೆ. ಪ್ರಾಣಿಗಳಿಗೆ ಪ್ರತ್ಯೇಕ ಆಯೋಗವಿದೆ. ಸಸ್ಯಗಳಿಗೆ 1753, ಪ್ರಾಣಿಗಳಿಗೆ 1758 ಲೆಕ್ಕದ ಆರಂಭ; ಅದಕ್ಕಿಂತ ಹಿಂದೆ ಇಟ್ಟ ಹೆಸರುಗಳು ಲೆಕ್ಕಕ್ಕಿಲ್ಲ.

ಪ್ರಶ್ನೆ: ಕಾಳಿಂಗ ಸರ್ಪದ ವೈಜ್ಞಾನಿಕ ಹೆಸರು ಬದಲಾಗಿದೆಯೆಂದು ಕೇಳಿದೆ. ನಿಜವೆ? ಅದು ನಾಗರಹಾವಿನದೇ ದೊಡ್ಡ ಜಾತಿಯಲ್ಲವೆ?
— ಮುಳ್ಳೇರಿಯದ ವಿದ್ಯಾರ್ಥಿನಿ

ಉತ್ತರ: ನಿಜ, ಮತ್ತು ಕನ್ನಡಿಗರಿಗೆ ಸಂತೋಷದ ಸಂಗತಿ. 1836ರಲ್ಲಿ ಥಿಯೋಡೋರ್ ಕ್ಯಾಂಟರ್ ವಿವರಿಸಿದ ಈ ಹಾವನ್ನು ಬಹುಕಾಲ ಭಾರತದಿಂದ ಫಿಲಿಪ್ಪೀನ್ಸ್‌ವರೆಗೂ ಒಂದೇ ಪ್ರಭೇದವೆಂದು, ಒಫಿಯೋಫೇಗಸ್ ಹನ್ನಾ ಎಂದು ಕರೆಯುತ್ತಿದ್ದರು. ಆಗುಂಬೆಯ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಡಿಎನ್ಎಯನ್ನೂ ಮೈಮೇಲಿನ ಪಟ್ಟೆಗಳನ್ನೂ ಹೋಲಿಸಿ, 2024ರಲ್ಲಿ ಅದನ್ನು ನಾಲ್ಕು ಪ್ರಭೇದಗಳಾಗಿ ಬೇರ್ಪಡಿಸಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಒಫಿಯೋಫೇಗಸ್ ಕಾಳಿಂಗ ಎಂದು, ಕನ್ನಡದ ಹೆಸರನ್ನೇ ಇಟ್ಟಿದ್ದಾರೆ. ಒಫಿಯೋಫೇಗಸ್ ಎಂದರೆ ಗ್ರೀಕಿನಲ್ಲಿ ಹಾವನ್ನು ತಿನ್ನುವುದು. ನಾಗರಹಾವು ನಾಜ ನಾಜ, ಅಂದರೆ ಕುಲವೇ ಬೇರೆ. ಎರಡೂ ಒಂದೇ ಕುಟುಂಬದವು ಎಂಬುದಷ್ಟೇ ನಂಟು. ‘ನಾಜ ನಾಜ’ ಎಂಬಂತೆ ಕುಲದ ಪದವನ್ನೇ ಪ್ರಭೇದಕ್ಕೂ ಬಳಸುವುದು ಪ್ರಾಣಿಗಳಿಗೆ ಸಲ್ಲುತ್ತದೆ, ಸಸ್ಯಗಳಿಗೆ ಸಲ್ಲದು.

ಪ್ರಶ್ನೆ: ತೋಟದಲ್ಲಿ ಯಾರಿಗೂ ಗುರುತು ಸಿಗದ ಗಿಡವಿದೆ. ಹೊಸದಾಗಿದ್ದರೆ ನನ್ನ ಹೆಸರನ್ನಿಡಬಹುದೆ?
— ಕೃಷಿಕರೊಬ್ಬರು, ಪೆರ್ಲ

ಉತ್ತರ: ನೀವೇ ವಿವರಿಸಿ ನಿಮ್ಮದೇ ಹೆಸರನ್ನಿಡುವುದು ಶಿಷ್ಟಾಚಾರವಲ್ಲ, ಬೇರೆಯವರು ವಿವರಿಸಿ ನಿಮ್ಮ ಹೆಸರನ್ನಿಟ್ಟರೆ ತೊಂದರೆಯಿಲ್ಲ. ಹೂವು, ಕಾಯಿ ಎರಡೂ ಇರುವ ಕೊಂಬೆಯನ್ನು ವೃತ್ತಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಸ್ಥಳ ಮತ್ತು ದಿನಾಂಕವನ್ನು ಬರೆದು, ಸಸ್ಯಶಾಸ್ತ್ರ ವಿಭಾಗವಿರುವ ಹತ್ತಿರದ ಕಾಲೇಜಿಗೆ ಒಯ್ಯಿರಿ. ಚೀಟಿಯಲ್ಲಿ ಸ್ಥಳೀಯ ಹೆಸರನ್ನೂ ಬರೆಯುವುದುಂಟು. ಆದ್ದರಿಂದ ಹೊರಡುವ ಮೊದಲು ಮನೆಯ ಅಜ್ಜಿಯನ್ನು ಒಮ್ಮೆ ಕೇಳಿ ನೋಡಿರಿ.