ಪ್ರತಿಕ್ರಿಯೆ: ಪೋರ್ಟ್ ಲೋಗನ್ ಮೀನುಕೊಳದ ಬಾಗಿಲು ಮುಚ್ಚಿತ್ತೇಕೆ?

ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಪೋರ್ಟ್ ಲೋಗನ್‌ಗೆ ಹೋದ ನಿಮಗೆ ಮೀನುಕೊಳದ ಬಾಗಿಲು ಮುಚ್ಚಿ ಕಂಡದ್ದಕ್ಕೆ ಬಹುಮಟ್ಟಿಗೆ ಋತುವೇ ಕಾರಣ. ಅಲ್ಲಿ ಪ್ರವಾಸಿಗರ ಕಾಲವೆಂದರೆ ವಸಂತದಿಂದ ಶರತ್ಕಾಲದವರೆಗೆ ಮಾತ್ರ. ಏಪ್ರಿಲ್ ರಜೆಯಲ್ಲಿ ಮಕ್ಕಳೊಂದಿಗೆ ಮತ್ತೆ ಹೋಗಬಹುದೇ ಎಂದು ಕೇಳಿದ್ದೀರಿ. ಹೋಗಬಹುದು, ಆದರೆ ಮೊದಲು ಆ ವಾರ ಕೊಳ ತೆರೆದಿರುತ್ತದೆಯೇ ಎಂದು ವಿಚಾರಿಸಿ, ಅನಂತರವೇ ವಸತಿ ಕಾದಿರಿಸಿ.

ಗ್ಲಾಸ್ಗೋದಿಂದ ಸ್ಟ್ರಾನ್ರಾರ್‌ವರೆಗೆ ರೈಲಿದೆಯಾದರೂ, ಮುಂದಿನ ಸುಮಾರು 14 ಮೈಲಿಗೆ ಸ್ವಂತ ಇಲ್ಲವೇ ಬಾಡಿಗೆ ಕಾರು ಇದ್ದರೆ ಒಳ್ಳೆಯದು. ಎ716 ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿ, ಬಿ7065ಕ್ಕೆ ತಿರುಗಿಕೊಳ್ಳಿ.

ಈ ಮೀನುಕೊಳವನ್ನು ಅಕ್ವೇರಿಯಂ ಎಂದು ಭಾವಿಸಿ ಹೋದರೆ ಮಕ್ಕಳಿಗೆ ನಿರಾಸೆಯಾದೀತು. ಲೋಗನ್‌ನ ಜಮೀನುದಾರ ಆಂಡ್ರ್ಯೂ ಮೆಕ್‌ಡೌಲ್ ತನ್ನ ಊಟದ ಮೇಜಿಗೆ ತಾಜಾ ಮೀನು ಸದಾ ಸಿಗಲೆಂದು, 1788ರಲ್ಲಿ ಆರಂಭಿಸಿ 1800ರ ಹೊತ್ತಿಗೆ ಮುಗಿಸಿದ ಕಲ್ಲಿನ ಉಗ್ರಾಣವಿದು. ಬಂಡೆಯಲ್ಲಿ ಸಹಜವಾಗಿದ್ದ ಕುಳಿಯನ್ನೇ ಬಳಸಿಕೊಂಡಿದ್ದು, ಬಿರುಕಿನ ಮೂಲಕ ಉಬ್ಬರದ ನೀರು ಒಳಬರುತ್ತದೆ, ಮೀನುಗಳು ಮಾತ್ರ ಹೊರಹೋಗಲಾರವು. ಅಂಚಿನ ಮೇಲೆ ಕಾವಲುಗಾರನ ಪುಟ್ಟ ಮನೆ. ಅಲ್ಲಿಂದ ಮೆಟ್ಟಿಲಿಳಿದು ನೀರಿನ ಬಳಿ ನಿಂತರೆ ಕಾಡ್, ಪೊಲಾಕ್‌ಗಳಂಥ ಮೀನುಗಳು ತಿನಿಸಿನಾಸೆಗೆ ಮೇಲಕ್ಕೆ ಬರುವುದನ್ನು ನೋಡಬಹುದು. ಒದ್ದೆ ಕಲ್ಲು ಜಾರುವುದರಿಂದ ಹಿಡಿತವಿರುವ ಬೂಟು ಹಾಕಿಸಿ, ಚಿಕ್ಕವರ ಕೈ ಬಿಡಬೇಡಿ.

ಕೊಳಕ್ಕೆ ಒಂದು ಗಂಟೆ ಧಾರಾಳ. ಉಳಿದ ಹೊತ್ತಿಗೆ ಸಮೀಪದ ಲೋಗನ್ ಸಸ್ಯೋದ್ಯಾನವನ್ನು ಸೇರಿಸಿಕೊಳ್ಳಿ. ಕೊಲ್ಲಿ ಪ್ರವಾಹ (ಗಲ್ಫ್ ಸ್ಟ್ರೀಮ್) ಎಂಬ ಬೆಚ್ಚನೆಯ ಸಾಗರ ಪ್ರವಾಹದ ಬಿಸುಪಿನಿಂದ ಅಲ್ಲಿ ತಾಳೆಮರಗಳೂ ವೃಕ್ಷ ಜರೀಗಿಡಗಳೂ ಬಯಲಿನಲ್ಲೇ ಬೆಳೆಯುತ್ತವೆ. ಅದೂ ಚಳಿಗಾಲದಲ್ಲಿ ಮುಚ್ಚಿರುವುದರಿಂದ, ಎರಡರ ವೇಳೆಯನ್ನೂ ಒಟ್ಟಿಗೇ ಖಚಿತಪಡಿಸಿಕೊಳ್ಳಿ.