ವುಝೂ ಮತ್ತೆ ಮತ್ತೆ ಮಾಡುವ ತಮ್ಮನ ಬಗ್ಗೆ

ನಿಮ್ಮ ತಮ್ಮ ಪ್ರತಿ ನಮಾಝಿಗೂ ಮೊದಲು ಅರ್ಧ ಗಂಟೆ ವುಝೂ (ಮುಖ, ಕೈಕಾಲು ತೊಳೆದು ಶುದ್ಧಿಯಾಗುವುದು) ಮಾಡುತ್ತಾನೆ, ಇದು ಮನಸ್ಸಿನಲ್ಲಿ ಸಂಶಯ ತುಂಬುವ ಶೈತಾನನ ವಸ್‌ವಾಸೋ ಕಾಯಿಲೆಯೋ ಎಂದು ಕೇಳಿದ್ದೀರಿ. ದಯವಿಟ್ಟು ಅವನ ಈಮಾನ್ (ನಂಬಿಕೆ) ಕಡಿಮೆಯೆಂದು ಮನೆಯಲ್ಲಿ ಯಾರೂ ಅನ್ನಬೇಡಿ. ಆ ಮಾತಿಗೇ ಅವನು ಇನ್ನಷ್ಟು ತೊಳೆಯುತ್ತಾನೆ. ನೀವು ಹೇಳಿದ ಲಕ್ಷಣ ಓಸಿಡಿಯಂತಿದೆ, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು ಮಾಡಿದ್ದನ್ನೇ ಮಾಡಿಸುವ ಮನಸ್ಸಿನ ಕಾಯಿಲೆ, ಖಚಿತಪಡಿಸಬೇಕಾದವರು ಮನೋವೈದ್ಯರು. 934ರಲ್ಲಿ ತೀರಿಕೊಂಡ ಮುಸ್ಲಿಂ ವಿದ್ವಾಂಸ ಅಬೂ ಝೈದ್ ಅಲ್-ಬಲ್ಖಿಯೇ ವಸ್‌ವಾಸನ್ನು ಮನಸ್ಸಿನ ಕಾಯಿಲೆಗಳ ಸಾಲಿನಲ್ಲಿಟ್ಟು ವಿವರವಾಗಿ ಬರೆದಿದ್ದಾರೆ. ಹಾಗಾಗಿ ಆಸ್ಪತ್ರೆಗೆ ಹೋಗುವುದು ದೀನ್ (ಧರ್ಮ) ಬಿಟ್ಟಂತಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಕ್ಲಿನಿಕ್ ಇದೆ. ಮಾತ್ರೆಯ ಜೊತೆಗೆ, ಮತ್ತೆ ತೊಳೆಯಬೇಕೆನ್ನುವ ಒತ್ತಡವನ್ನು ತಡೆದುಕೊಳ್ಳುವುದನ್ನು ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿಸುತ್ತಾರೆ. ಬರೀ ಸಂಶಯದಿಂದ ವುಝೂ ಮುರಿಯುವುದಿಲ್ಲ ಎಂಬುದನ್ನು ಇಮಾಮರು ಒಮ್ಮೆ ಹೇಳಲಿ, ಒಮ್ಮೆ ಮಾತ್ರ. "ವುಝೂ ಸರಿಯಾಯ್ತಾ?" ಎಂದು ಅವನು ಕೇಳಿದಾಗಲೆಲ್ಲ "ಆಯ್ತು" ಎನ್ನುತ್ತಿದ್ದರೆ ಕಾಯಿಲೆ ಬಲಿಯುತ್ತದೆ.