ಕುಡಿತ ಬಿಡಲು ನೆರವಾಗುವ ಗುಂಪನ್ನು ಹತ್ತಿರದಲ್ಲೇ ಹುಡುಕುವುದು ಹೇಗೆ?

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ವೆಬ್‌ಸೈಟಿನಲ್ಲಿ ನಿಮ್ಮ ಊರಿನ ಹೆಸರು ಹಾಕಿ ನೋಡಿ, ಇಲ್ಲವೇ ಅವರ ಸಹಾಯವಾಣಿಗೆ ಫೋನ್ ಮಾಡಿ. ವ್ಯಸನಮುಕ್ತಿ ಕೇಂದ್ರದವರಿಗೂ ಮನೋವೈದ್ಯರಿಗೂ ಹತ್ತಿರದ ಗುಂಪುಗಳು ಸಾಮಾನ್ಯವಾಗಿ ಗೊತ್ತಿರುತ್ತವೆ, ಅವರನ್ನೂ ಕೇಳಬಹುದು.

ಹತ್ತಿರದ್ದೇ ಯಾಕೆ ಅಂದರೆ, ಕುಡಿಯುವ ಚಪಲ ಹೇಳಿ ಕೇಳಿ ಬರುವುದಿಲ್ಲ. ಆ ಹೊತ್ತಿಗೆ ಫೋನ್ ಎತ್ತುವ, ಬೇಕಾದರೆ ಬಂದು ಪಕ್ಕದಲ್ಲಿ ಕೂರುವ ಒಬ್ಬರು ಬೇಕು. ಮನೆಯವರು ಬುದ್ಧಿ ಹೇಳಿದರೆ ಸಿಟ್ಟು ಬರುತ್ತೆ ಅಲ್ವಾ? ಅದೇ ಗುಂಡಿಗೆ ಬಿದ್ದು ಎದ್ದವರ ಮಾತು ಬೇರೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಕುಡಿತಕ್ಕೆ ಸಿಕ್ಕಿದ್ದ ಇಬ್ಬರು ಎಎ ಶುರು ಮಾಡಿದ್ದೇ ಈ ನಂಬಿಕೆಯ ಮೇಲೆ.

ಫೀಸ್ ಇಲ್ಲ, ಪೂರ್ತಿ ಹೆಸರೂ ಹೇಳಬೇಕಿಲ್ಲ. ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಹಿಂಜರಿಕೆಯಿದ್ದರೆ ಮೊದಲು ‘ಓಪನ್’ ಸಭೆಗೆ ಹೋಗಿ. ಅಲ್ಲಿಗೆ ಯಾರು ಬೇಕಾದರೂ ಬರಬಹುದು, ಸುಮ್ನೆ ಕೂತು ಕೇಳಿದರೂ ಆಯಿತು. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದು ನೋಡಿ. ಗುಂಪಿನಿಂದ ಗುಂಪಿಗೆ ವಾತಾವರಣ ತುಂಬಾ ಬೇರೆಯಿರುತ್ತೆ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯೇ ಗುಂಪುಗಳಿವೆ.

ಒಂದು ಎಚ್ಚರ: ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಅಂಥವರು ಮೊದಲು ಡಾಕ್ಟರನ್ನು ಕಾಣಬೇಕು.